ಸಾಹೇಬರು ಕೇಳಿದಾಗ ‘ಇಲ್ಲ ಸ್ವಾಮಿ’ ಅನ್ನಬೇಡಿ

ಹುಡುಗನನ್ನು ಹಿಡಿದುಕೊಂಡು ಹೋಗಿ ಮೂರು ವಾರ ಆದ ಮೇಲೆ ಅಪ್ಪನೋ ಚಿಕ್ಕಪ್ಪನೋ ನನ್ನ ಆಫೀಸಿಗೆ ಬರುತ್ತಾರೆ. “ಸ್ಟೇಷನ್ನಲ್ಲಿ ಬೋ ಹೊಡ್ದವ್ರೆ ಸಾರ್, ಕೇಸ್ ಹಾಕ್ಬೇಕು” ಅನ್ನುತ್ತಾರೆ. ರಿಮಾಂಡ್ ದಿನದ, ಅಂದರೆ ಹುಡುಗನನ್ನು ಮೊದಲು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿದ ದಿನದ, ಆರ್ಡರ್ ಶೀಟಿನ ನಕಲು ತೆಗೆಸಿ ನೋಡುತ್ತೇನೆ. ಪೊಲೀಸರಿಂದ ಯಾವ ತೊಂದರೆಯೂ ಆಗಿಲ್ಲ ಎಂದು ಆರೋಪಿ ಹೇಳಿರುತ್ತಾನೆ. ಆ ಸಾಲು ಪೊಲೀಸರು ಬರೆದದ್ದಲ್ಲ. ಹುಡುಗ ಹೇಳಿದ್ದನ್ನೇ ಮ್ಯಾಜಿಸ್ಟ್ರೇಟ್ ಸಾಹೇಬರು ಬರೆಸಿದ್ದು.

ಮಂಡ್ಯದಲ್ಲಿ ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲದಿಂದ ಕ್ರಿಮಿನಲ್ ಕೇಸು ನಡೆಸುತ್ತಿದ್ದೇನೆ. ಇದೊಂದು ಮಾತು ಹೇಳಿ ಹೇಳಿ ಸಾಕಾಗಿದೆ. ಆದರೂ ಇನ್ನೊಂದು ಸಲ ಹೇಳುತ್ತೇನೆ.

ಹಿಡಿದ 24 ಗಂಟೆಯೊಳಗೆ, ಪ್ರಯಾಣದ ಹೊತ್ತು ಬಿಟ್ಟು, ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಲೇಬೇಕು. ಇದು ಎಲ್ಲರಿಗೂ ಗೊತ್ತು. ಅಲ್ಲಿ ಸಾಹೇಬರು ಕೇಳುತ್ತಾರೆ, “ಪೊಲೀಸರಿಂದ ಏನಾದರೂ ತೊಂದರೆ ಆಯಿತೇ?” ಊಟ ಆಯ್ತಾ ಅಂದರೆ ಹಸಿದಿದ್ದರೂ ಆಯ್ತು ಅನ್ನುವ ಜನ ನಾವು. ದೊಡ್ಡವರು ತೊಂದರೆ ಆಯ್ತಾ ಅಂದರೆ ‘ಇಲ್ಲ ಸ್ವಾಮಿ’ ಅನ್ನುವುದು ಬಾಯಿಗೆ ತಾನಾಗಿ ಬರುತ್ತದೆ. ಬೆನ್ನು ಉರಿಯುತ್ತಿದ್ದರೂ ಬರುತ್ತದೆ. ಆದರೆ ಅದು ಉಪಚಾರದ ಮಾತಲ್ಲ. ಹೊಡೆದರಾ ಅಂತಲೇ ಕೇಳುತ್ತಿರುವುದು. ಆ ದಿನದ ಉತ್ತರ ಕಡತದಲ್ಲಿ ಕೂತುಬಿಡುತ್ತದೆ. ಆಮೇಲೆ ನಾನು ಎಷ್ಟು ಅರ್ಜಿ ಹಾಕಿದರೂ ಎದುರು ಪಕ್ಷದವರು ಮೊದಲು ತೋರಿಸುವುದು ಅದೇ ಸಾಲನ್ನು.

ಹುಡುಗರು ಸುಮ್ನೆ ಹೆದರುತ್ತಾರೆ ಅಂತ ನಾನು ಹೇಳುವುದಿಲ್ಲ. ಹೊಡೆದವರೇ ಹಿಂದೆ ನಿಂತಿರುತ್ತಾರೆ. ಬರುವಾಗ ಜೀಪಿನಲ್ಲಿ ಯಾರೋ ಒಬ್ಬರು “ಏನೂ ಇಲ್ಲ ಅಂದ್ಬಿಡು, ಬೇಗ ಬೇಲ್ ಆಗುತ್ತೆ” ಅಂದಿರುತ್ತಾರೆ. ಜಾಮೀನಿಗೂ ಈ ಉತ್ತರಕ್ಕೂ ಸಂಬಂಧವಿಲ್ಲ. ಹೇಳಿದರೆ ವಾಪಸ್ ಕರೆದುಕೊಂಡು ಹೋಗಿ ಇನ್ನೂ ಹೊಡೆದರೆ? ಇದು ಎಲ್ಲರೂ ಕೇಳುವ ಪ್ರಶ್ನೆ. ಹಾಗೆ ಆಗುವುದೇ ಇಲ್ಲ ಅಂತ ಮಾತು ಕೊಡಲಾರೆ. ಆದರೆ ಏಟು ಕಡತಕ್ಕೆ ಬಂದ ಮೇಲೆ ಕೈ ಎತ್ತುವವರು ಹಿಂದೆ ಮುಂದೆ ನೋಡುತ್ತಾರೆ. ಪೊಲೀಸ್ ಕಸ್ಟಡಿ ಬೇಡ, ನ್ಯಾಯಾಂಗ ಬಂಧನಕ್ಕೆ ಕಳಿಸಿ ಅಂತ ಕೇಳುವುದಕ್ಕೆ ವಕೀಲರಿಗೆ ಆಧಾರ ಸಿಗುತ್ತದೆ. ವಕೀಲರನ್ನು ಇಡುವುದಕ್ಕೆ ದುಡ್ಡಿಲ್ಲದಿದ್ದರೆ 15100ಕ್ಕೆ ಫೋನ್ ಮಾಡಿ, ಕಾನೂನು ನೆರವು ಸಿಗುತ್ತದೆ.

ಮೊದಲ ದಿನ ಅಂತ ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಬಾಸುಂಡೆ ಯಾರಿಗೂ ಕಾಯುವುದಿಲ್ಲ. ಲಾಠಿ ಏಟು ಬಿದ್ದ ಕಡೆ ಸಾಮಾನ್ಯವಾಗಿ ಎರಡು ಕೆಂಪು ಗೆರೆ ಜೋಡಿಯಾಗಿ ಏಳುತ್ತವೆ, ನಡುವೆ ಚರ್ಮ ಬಿಳಿಚಿಕೊಂಡಿರುತ್ತದೆ. ಬಿದ್ದರೆ ಹಾಗೆ ಗಾಯ ಆಗುವುದಿಲ್ಲ, ನೋಡಿದ ಡಾಕ್ಟರಿಗೆ ಗೊತ್ತಾಗುತ್ತದೆ. ಆದರೆ ಆ ಗೆರೆ ನೀಲಿಯಾಗಿ, ಹಸಿರಾಗಿ, ಹಳದಿಯಾಗಿ ಎರಡು ವಾರದ ಹೊತ್ತಿಗೆ ಮಾಸಿ ಹೋಗುತ್ತದೆ. ಮೂರನೇ ವಾರ ಬಂದರೆ ನಾನು ಏನನ್ನು ತೋರಿಸಲಿ? ಬಂಧಿತನನ್ನು ಡಾಕ್ಟರಿಗೆ ತೋರಿಸಬೇಕು, ಆ ವರದಿಯ ಪ್ರತಿ ಅವನಿಗೋ ಅವನು ಹೇಳಿದವರಿಗೋ ಕೊಡಬೇಕು ಅಂತ ಕಾನೂನೇ ಇದೆ. 2024ರ ಜುಲೈ 1ರಿಂದ ಬಂದಿರುವ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 53ನೇ ಕಲಂ. ಪ್ರತಿ ಕೇಳಿ ಇಸ್ಕೊಳ್ಳಿ. ಅಲ್ಲೂ ಡಾಕ್ಟರು “ಏನಾಯ್ತಪ್ಪಾ” ಅಂದಾಗ ಪಕ್ಕದಲ್ಲಿ ಪೇದೆ ನಿಂತಿದ್ದಾನೆ ಅಂತ “ಬಿದ್ದೆ” ಅಂದವರ ಕೇಸು ನನ್ನ ಕಪಾಟಿನಲ್ಲಿ ಹತ್ತಾರಿವೆ.

ಇನ್ನೊಂದು ಕಷ್ಟ ಇದೆ. ‘ವಿಚಾರಣೆಗೆ’ ಅಂತ ಕರೆದುಕೊಂಡು ಹೋಗಿ ಎರಡು ದಿನ ಕೂರಿಸಿ, ಮೂರನೇ ದಿನ ಅರೆಸ್ಟ್ ತೋರಿಸುತ್ತಾರೆ. ನನ್ನ ಸೀನಿಯರ್ ಕಾಲದಲ್ಲಿ ಸುದ್ದಿ ಸಿಕ್ಕ ತಕ್ಷಣ ಎಸ್‌ಪಿಗೆ, ಮ್ಯಾಜಿಸ್ಟ್ರೇಟರಿಗೆ ಟೆಲಿಗ್ರಾಂ ಹೊಡೆಯುತ್ತಿದ್ದರು. ಟೆಲಿಗ್ರಾಂ ಮೇಲೆ ತಾರೀಖು, ಹೊತ್ತು ಎರಡೂ ಇರುತ್ತಿತ್ತು, ಅದನ್ನು ಯಾರೂ ಅಳಿಸುವ ಹಾಗಿರಲಿಲ್ಲ. 2013ರ ಜುಲೈನಲ್ಲಿ ಟೆಲಿಗ್ರಾಂ ನಿಂತುಹೋಯಿತು. ಈಗ ಇಮೇಲ್ ಕಳಿಸಿ, ಸ್ಪೀಡ್ ಪೋಸ್ಟ್ ಮಾಡಿ. ಎಷ್ಟು ಹೊತ್ತಿಗೆ, ಯಾವ ಗಾಡಿಯಲ್ಲಿ ಕರೆದುಕೊಂಡು ಹೋದರು ಅಂತ ಅವತ್ತೇ ಬರೆದಿಡಿ. ಸ್ಟೇಷನ್ನಿನ ಕ್ಯಾಮೆರಾ ದೃಶ್ಯವನ್ನು ಕನಿಷ್ಠ ಒಂದು ವರ್ಷ ಇಡಬೇಕು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದನ್ನು ಕೇಳುವುದಕ್ಕೂ ದಿನ, ಹೊತ್ತು ಬೇಕು. ಮಾನವ ಹಕ್ಕು ಆಯೋಗಕ್ಕೆ ಹೋಗುವುದಾದರೂ ಒಂದು ವರ್ಷದೊಳಗೆ ಹೋಗಬೇಕು.

ಪೊಲೀಸರ ಮೇಲೆ ನನಗೆ ದ್ವೇಷವಿಲ್ಲ. ಕಾವೇರಿ ಗಲಾಟೆಯಲ್ಲಿ ಹಗಲು ರಾತ್ರಿ ರಸ್ತೆಯಲ್ಲಿ ನಿಂತವರನ್ನು ನೋಡಿದ್ದೇನೆ. ಓಡಿಹೋಗುವವನನ್ನು ಹಿಡಿಯುವುದಕ್ಕೆ ಬೇಕಾದಷ್ಟು ಬಲ ಬಳಸಲು ಕಾನೂನು ಬಿಡುತ್ತದೆ. ಕೈಗೆ ಸಿಕ್ಕವನನ್ನು ಗೋಡೆಗೆ ಒರಗಿಸಿ ಹೊಡೆಯುವುದಕ್ಕೆ ಬಿಡುವುದಿಲ್ಲ. ಪೊಲೀಸರ ಮುಂದೆ ಒಪ್ಪಿಕೊಂಡದ್ದು ಕೋರ್ಟಿನಲ್ಲಿ ಸಾಕ್ಷಿಯಾಗಿ ನಿಲ್ಲುವುದೂ ಇಲ್ಲ. ಅವನು ಹೇಳಿದ ಕಡೆ ಮಾಲು ಸಿಕ್ಕಿದರೆ ಅಷ್ಟರ ಮಟ್ಟಿಗೆ ಬೇರೆ ಮಾತು. ತಪ್ಪೊಪ್ಪಿಗೆಗಾಗಿ ಹೊಡೆದವರಿಗೆ ಏಳು ವರ್ಷದವರೆಗೆ ಜೈಲು ಇದೆ.

ಏಟು ತಿಂದವನು ಒಬ್ಬನೇ, ಆದರೆ ಊರೇ ಸ್ಟೇಷನ್ ಮೆಟ್ಟಿಲು ಹತ್ತುವುದನ್ನು ಬಿಡುತ್ತದೆ. ಪೊಲೀಸರು ಸ್ಥಳ ನೋಡಿ ಬರೆಯುವ ಮಹಜರಿಗೆ ಸಾಕ್ಷಿಯಾಗಿ ಸಹಿ ಹಾಕುವ ಪಂಚರು ಸಿಗುವುದಿಲ್ಲ. ಸಿಕ್ಕವರು ಕೋರ್ಟಿನಲ್ಲಿ “ನಂಗೇನೂ ಗೊತ್ತಿಲ್ಲ, ಸೈನ್ ಹಾಕು ಅಂದ್ರು, ಹಾಕ್ದೆ” ಅನ್ನುತ್ತಾರೆ. ಗಂಡನ ಹತ್ತಿರ ಒದೆ ತಿನ್ನುವ ಹೆಂಗಸು ಕೂಡ ದೂರು ಕೊಡಲು ಹೋಗುವುದಿಲ್ಲ. ಮುಂದೆ ಆ ಊರಲ್ಲಿ ನಿಜವಾದ ಕಳ್ಳತನ ಆದರೂ ಪೊಲೀಸರಿಗೆ ಸುಳಿವು ಕೊಡುವವರು ಯಾರೂ ಇರುವುದಿಲ್ಲ. ಇಂಥ ಎರಡು ಊರು ನಾನೇ ಕಂಡಿದ್ದೇನೆ.

ಹೋದ ವರ್ಷ ಆಲೆಮನೆ ಕೆಲಸದ ಹುಡುಗನೊಬ್ಬನನ್ನು ಪಂಪ್‌ಸೆಟ್ ಮೋಟಾರ್ ಕದ್ದ ಅಂತ ತಂದಿದ್ದರು. ಜೀಪಿನಿಂದ ಇಳಿದವನು ಪಾದದ ಅಂಚಿನ ಮೇಲೆ ನಿಂತ. ಅಂಗಾಲು ಊರಲು ಆಗುತ್ತಿರಲಿಲ್ಲ. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಅವರಮ್ಮ ಕಾರಿಡಾರಿನಲ್ಲಿ ನಿಂತು, ಪೊಲೀಸರು ನೋಡುತ್ತಿದ್ದ ಹಾಗೇ, “ಅಂಗಿ ಎತ್ತಿ ತೋರ್ಸು ಮಗ, ಹೆದರ್ಕಬ್ಯಾಡ” ಅಂತ ಕೂಗಿದಳು. ಒಳಗೆ ಸಾಹೇಬರು ಕೇಳಿದರು. ಅವನು ಒಂದು ಕ್ಷಣ ನನ್ನ ಕಡೆ ನೋಡಿ, “ಹೊಡ್ದವ್ರೆ ಸ್ವಾಮಿ” ಅಂದ. ಸಾಹೇಬರು ಅವನನ್ನು ಕೂರಿಸಿ, ಚೇಂಬರಿನಲ್ಲಿ ಅಂಗಿ ಬಿಚ್ಚಿಸಿ ನೋಡಿದರು. ಬೆನ್ನ ಮೇಲಿನ ಬಾಸುಂಡೆ ಹನ್ನೊಂದು. ಒಂದೊಂದನ್ನೂ ಎಣಿಸಿ, ಎಲ್ಲಿದೆ, ಎಷ್ಟು ಉದ್ದ ಅಂತ ಬರೆಸಿ ಆಸ್ಪತ್ರೆಗೆ ಕಳಿಸಿದರು.

ಕೇಸು ಇನ್ನೂ ನಡೆಯುತ್ತಿದೆ. ಗೆಲ್ಲುತ್ತೇವೆ ಅಂತ ಆ ತಾಯಿಗೆ ನಾನು ಹೇಳಿಲ್ಲ. ಹುಡುಗ ಆಲೆಮನೆಗೆ ಹೋಗುತ್ತಿದ್ದಾನೆ. ವಾಯಿದೆ ದಿನ ಇಬ್ಬರೂ ಬೆಳಗ್ಗೆ ಹತ್ತಕ್ಕೇ ಬಂದು ಕೂತಿರುತ್ತಾರೆ.