ಮೇಲ್ ಐಡಿ ಕೊಡುವ ಮೊದಲು ಒಮ್ಮೆ ಬಾಯಿಬಿಟ್ಟು ಓದಿ

ಹೊಸಬರು ಕೆಲಸಕ್ಕೆ ಸೇರುವ ಮೊದಲೇ ಅವರ ಮೇಲ್ ಐಡಿ ತಯಾರಾಗಿರುತ್ತದೆ. ಎಚ್‌ಆರ್ ಪಟ್ಟಿಯಿಂದ ಹೆಸರು ಬರುತ್ತದೆ, ಸ್ಕ್ರಿಪ್ಟ್ (ಐಡಿ ತಯಾರಿಸುವ ಪುಟ್ಟ ಪ್ರೋಗ್ರಾಂ) ಓಡುತ್ತದೆ, ಐಡಿ ಸಿದ್ಧ. ಅದನ್ನು ಯಾರೂ ಓದಿ ನೋಡಿರುವುದಿಲ್ಲ. ಸಿಸ್ಟಮ್ ಅಡ್ಮಿನ್ ಆಗಿ ನನಗೆ ತುಂಬ ಬೇಸರ ತರುವ ವಿಷಯ ಇದು.

ಮೊದಲ ಹೆಸರಿನ ಮೂರು ಅಕ್ಷರ, ಕೊನೆಯ ಹೆಸರಿನ ಎರಡು ಅಕ್ಷರ ಎಂಬ ನಿಯಮ ಇದೆ ಅಂದುಕೊಳ್ಳಿ. ಕಲ್ಪನಾ ಲಕ್ಷ್ಮಣ್ ಎಂಬವರು ಸೇರುತ್ತಾರೆ. ಇಂಗ್ಲಿಷಿನಲ್ಲಿ ಕೆ, ಎ, ಎಲ್, ಎಲ್, ಎ. ಕೂಡಿಸಿ ಓದಿದರೆ ‘ಕಳ್ಳ’. ಅವರ ಕೆಲಸ ಅಕೌಂಟ್ಸ್ ವಿಭಾಗದಲ್ಲಿ ಎಂದರೆ ಹೋಗುವ ಪ್ರತಿ ಬಿಲ್ಲಿನ ಮೇಲೂ ಅದೇ ಹೆಸರು. ಫೋನಿನಲ್ಲಿ ಒಂದೊಂದೇ ಅಕ್ಷರ ಬಿಡಿಸಿ ಹೇಳುವಾಗ ಆ ಕಡೆಯಿಂದ ನಗು ಕೇಳಿಸುತ್ತದೆ. ಹೊಸ ಜಾಗದಲ್ಲಿ ಮೊದಲ ವಾರವೇ ದೂರು ಹೇಳಲು ಯಾರಿಗಾದರೂ ಸಂಕೋಚ, ಅಲ್ವಾ? ಸುಮ್ನೆ ಸಹಿಸಿಕೊಳ್ಳುತ್ತಾರೆ.

ಕೆಟ್ಟ ಪದಗಳ ಪಟ್ಟಿ ಹಾಕಿ ತಡೆದರಾಯಿತು ಎನ್ನುವವರಿದ್ದಾರೆ. ಸಾಲದು. ಇಂಗ್ಲಿಷ್ ಪದಗಳ ಪಟ್ಟಿಗೆ ‘ಕಳ್ಳ’ ಗೊತ್ತಾಗುವುದಿಲ್ಲ. ಜೊತೆಗೆ ಏನೂ ತಪ್ಪಿಲ್ಲದ ಹೆಸರೂ ಸಿಕ್ಕಿಬೀಳುತ್ತದೆ. 1996ರಲ್ಲಿ ಇಂಗ್ಲೆಂಡಿನ ಸ್ಕನ್‌ಥಾರ್ಪ್ ಪಟ್ಟಣದವರಿಗೆ ಎಒಎಲ್ ಎಂಬ ಇಂಟರ್ನೆಟ್ ಸೇವೆಯಲ್ಲಿ ಖಾತೆ ತೆರೆಯಲು ಆಗಲಿಲ್ಲ. ಊರಿನ ಹೆಸರಿನ ನಡುವೆ ಬೈಗುಳವೊಂದರ ಅಕ್ಷರಗಳಿದ್ದವು, ಅಷ್ಟೇ.

ಹೆಸರು ಕತ್ತರಿಸುವುದು ಹಳೇ ಕಾಲದ ರೂಢಿ. ಆಗ ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಲಾಗಿನ್ ಹೆಸರಿಗೆ 8 ಅಕ್ಷರದ ಮಿತಿ ಇರುತ್ತಿತ್ತು. ಈಗ ಮೇಲ್ ವಿಳಾಸದಲ್ಲಿ ಆ್ಯಟ್ ಗುರುತಿನ ಮುಂಚೆ 64 ಅಕ್ಷರಕ್ಕೆ ಜಾಗವಿದೆ. ಪೂರ್ತಿ ಹೆಸರು ಬರೆದು ನಡುವೆ ಚುಕ್ಕಿ ಇಡಿ. ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ.

ಒಂದೇ ಹೆಸರಿನವರು ಇಬ್ಬರಾದರೆ ಕೊನೆಗೆ 2 ಅಂಟಿಸುತ್ತಾರೆ. ಇದರಲ್ಲಿ ಮುಜುಗರಕ್ಕಿಂತ ಅಪಾಯ ಜಾಸ್ತಿ. ನಾಲ್ಕು ಅಕ್ಷರ ಒತ್ತುವಷ್ಟರಲ್ಲಿ ಮೇಲ್ ಆ್ಯಪ್ ಹೆಸರು ತೋರಿಸುತ್ತದೆ, ಒಬ್ಬರ ಸ್ಯಾಲರಿ ಸ್ಲಿಪ್ ಇನ್ನೊಬ್ಬರಿಗೆ ಹೋಗುತ್ತದೆ.

ಐಡಿ ಕೊಟ್ಟಾಗಿದ್ದರೂ ದಾರಿ ಇದೆ. ಹೊಸ ವಿಳಾಸವನ್ನು ಮುಖ್ಯ ಮಾಡಿ, ಹಳೆಯದನ್ನು ಏಲಿಯಾಸ್ ಆಗಿ, ಅಂದರೆ ಅದೇ ಮೇಲ್‌ಬಾಕ್ಸಿನ ಎರಡನೇ ಹೆಸರಾಗಿ, ಉಳಿಸಿ. ಹಳೇ ವಿಳಾಸಕ್ಕೆ ಬಂದ ಮೇಲ್ ಕೂಡ ಸಿಗುತ್ತದೆ. ಆದರೆ ವರ್ಷ ಕಳೆದ ಮೇಲೆ ಹತ್ತಾರು ಸಾಫ್ಟ್‌ವೇರ್‌ಗಳಲ್ಲಿ ಅದೇ ಐಡಿ ಲಾಗಿನ್ ಆಗಿರುತ್ತದೆ. ಒಂದೊಂದನ್ನೂ ಸರಿಮಾಡಬೇಕು. ಅದಕ್ಕೇ ಸೇರುವ ಮುಂಚೆಯೇ ಅವರ ಸ್ವಂತ ಮೇಲ್‌ಗೆ ಒಂದು ಸಾಲು ಕಳಿಸಿ: ‘ನಿಮ್ಮ ಐಡಿ ಹೀಗಿರುತ್ತದೆ, ಬೇರೆ ಬೇಕೇ?’ ಬೇಕು ಎಂದರೆ ಕೊಡಿ. ಯಾಕೆ ಎಂದು ಕೇಳಬೇಡಿ.