ಚಾಲಕನ ನಿದ್ದೆಯ ಲೆಕ್ಕ: ಎಂಟು ಗಂಟೆಯ ನಿಯಮ ನಡೆದು ಬಂದ ದಾರಿ

‘ಚಾಲಕ ನಿದ್ದೆಗೆ ಜಾರಿದ್ದೇ ಅಪಘಾತಕ್ಕೆ ಕಾರಣ ಎನ್ನಲಾಗಿದೆ.’ ಹೆದ್ದಾರಿ ಅಪಘಾತದ ವರದಿಗಳಲ್ಲಿ ಈ ವಾಕ್ಯವನ್ನು ಓದದವರು ಇರಲಾರರು. ವರದಿ ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ. ಆ ಚಾಲಕ ಹಿಂದಿನ ದಿನ ಎಷ್ಟು ಹೊತ್ತಿಗೆ ಎದ್ದಿದ್ದ, ಎಷ್ಟು ಗಂಟೆಯಿಂದ ಸ್ಟೇರಿಂಗ್ ಹಿಡಿದಿದ್ದ, ಬೆನ್ನು ನೆಲಕ್ಕೆ ಹಚ್ಚಿ ಮಲಗಿ ಎಷ್ಟು ದಿನವಾಗಿತ್ತು ಎಂಬ ವಿವರ ಸಿಗುವುದು ಅಪರೂಪ. ಸರ್ಕಾರದ ಅಂಕಿಅಂಶಗಳ ಕಥೆಯೂ ಹೆಚ್ಚುಕಡಿಮೆ ಇದೇ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು ಎಂದು ಹೇಳುವ ಕೇಂದ್ರ ಸಾರಿಗೆ ಸಚಿವಾಲಯದ ವರದಿಯು ನಿಯಮ ಉಲ್ಲಂಘನೆಗಳನ್ನು ಅತಿವೇಗ, ಮದ್ಯಪಾನ, ವಿರುದ್ಧ ದಿಕ್ಕಿನ ಚಾಲನೆ, ಕೆಂಪು ದೀಪ, ಮೊಬೈಲ್ ಎಂದು ಬಿಡಿಬಿಡಿಯಾಗಿ ವಿಂಗಡಿಸುತ್ತದೆ. ನಿದ್ದೆಗೆಟ್ಟು ಓಡಿಸಿದ್ದಕ್ಕೆ ಅಲ್ಲಿ ತನ್ನದೇ ಆದ ಸಾಲಿಲ್ಲ. ಅದು ‘ಇತರೆ’ಯೊಳಗೆ ಸೇರಿಹೋಗುತ್ತದೆ, ಇಲ್ಲವೇ ಅತಿವೇಗದ ಲೆಕ್ಕಕ್ಕೆ ಬೀಳುತ್ತದೆ.

2025ರಲ್ಲಿ ಈ ವಿಷಯ ಎರಡು ಬಾರಿ ಸುದ್ದಿಗೆ ಬಂತು. ವಾಣಿಜ್ಯ ವಾಹನ ಚಾಲಕರ ದುಡಿಮೆಯ ಗಂಟೆಗಳ ಮಿತಿಯನ್ನು ನಿಜವಾಗಿ ಜಾರಿ ಮಾಡುವ ದಾರಿ ಹುಡುಕಿ ಎಂದು ಸುಪ್ರೀಂ ಕೋರ್ಟ್ ಏಪ್ರಿಲ್‌ನಲ್ಲಿ ಸರ್ಕಾರಗಳಿಗೆ ಸೂಚಿಸಿತು. ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು, ಚಾಲಕರ ಗಂಟೆಗಳಿಗೆ ಮಿತಿ ಹಾಕಿದ್ದ 1961ರ ಹಳೆಯ ಕಾಯ್ದೆ ಮರೆಗೆ ಸರಿಯಿತು. ಇದನ್ನೆಲ್ಲ ಓದಿದ ಅನೇಕರು ‘ಚಾಲಕರಿಗೂ ಎಂಟು ಗಂಟೆಯ ಮಿತಿ ಬರುತ್ತಿದೆಯಂತೆ’ ಎಂದು ಮಾತಾಡಿಕೊಂಡರು. ಆದರೆ ಮಿತಿ ಹೊಸದಾಗಿ ಬರಬೇಕಾಗಿಲ್ಲ. ಅದು ಬಂದು ತಲೆಮಾರುಗಳೇ ಕಳೆದಿವೆ.

ಬ್ರಿಟನ್ ತನ್ನ 1930ರ ರಸ್ತೆ ಸಂಚಾರ ಕಾಯ್ದೆಯಲ್ಲಿ ಚಾಲಕ ಒಂದೇ ಸಮನೆ ಐದೂವರೆ ಗಂಟೆಗಿಂತ ಹೆಚ್ಚು, ದಿನಕ್ಕೆ ಹನ್ನೊಂದು ಗಂಟೆಗಿಂತ ಹೆಚ್ಚು ಓಡಿಸಬಾರದು ಎಂದು ಬರೆದುಕೊಂಡಿತು. ಅದರ ನೆರಳಿನಲ್ಲೇ ಭಾರತದ 1939ರ ಮೋಟಾರು ವಾಹನ ಕಾಯ್ದೆಯೂ ಬಂತು. ಐದು ಗಂಟೆಯ ಕೆಲಸವಾದರೆ ಅರ್ಧ ಗಂಟೆಯ ವಿಶ್ರಾಂತಿ ಎಂಬ ಸೂತ್ರ ಅದರಲ್ಲೇ ಇತ್ತು. ಸ್ವಾತಂತ್ರ್ಯದ ನಂತರ 1961ರಲ್ಲಿ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯು ಚಾಲಕನನ್ನು ವಾಹನದ ಒಂದು ಭಾಗವಾಗಿ ನೋಡದೆ ಕಾರ್ಮಿಕನಾಗಿ ನೋಡಿತು. ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ. ದೂರದ ಮಾರ್ಗ ಅಥವಾ ಹಬ್ಬದ ದಟ್ಟಣೆಯಾದರೆ ಅನುಮತಿ ಪಡೆದು ಹತ್ತು ಗಂಟೆ, ವಾರಕ್ಕೆ 54. ಎರಡು ದಿನಗಳ ಕೆಲಸದ ನಡುವೆ ಸತತ ಒಂಬತ್ತು ಗಂಟೆಯ ಬಿಡುವು, ವಾರಕ್ಕೊಂದು ರಜೆ, ಮಿತಿ ಮೀರಿ ದುಡಿಸಿದರೆ ಇಮ್ಮಡಿ ಕೂಲಿ. ಕಾಗದದ ಮೇಲೆ ಇದಕ್ಕಿಂತ ಮಾನವೀಯವಾದ ಕಾಯ್ದೆಯನ್ನು ಕಾಣುವುದು ಕಷ್ಟ.

ಆದರೆ ಅದನ್ನು ಸಾವಧಾನವಾಗಿ ಓದಿದರೆ ಬರೆದವರ ಕಣ್ಣ ಮುಂದಿದ್ದದ್ದು ಬಸ್ಸು ಎಂಬುದು ಗೊತ್ತಾಗುತ್ತದೆ. ಕೆಲಸದ ಗಂಟೆ ಎಂದರೇನು ಎಂಬ ವ್ಯಾಖ್ಯೆಯನ್ನೇ ನೋಡಿ. ವಾಹನ ಓಡುವ ಹೊತ್ತು ಕೆಲಸ. ಅದಕ್ಕೆ ಸಂಬಂಧಿಸಿದ ಲೆಕ್ಕಪತ್ರ, ಸಹಿ ಮುಂತಾದ ಪೂರಕ ಕೆಲಸವೂ ಕೆಲಸವೇ. ನಿಲ್ದಾಣದಲ್ಲಿ ಸುಮ್ಮನೆ ಹಾಜರಿರುವ ಹೊತ್ತು ಹದಿನೈದು ನಿಮಿಷದೊಳಗಿದ್ದರೆ ಅದೂ ಕೆಲಸ. ಬಸ್ಸಿನ ಚಾಲಕನಿಗೆ ಇದು ಸರಿಹೊಂದುತ್ತದೆ. ಅವನಿಗೆ ವೇಳಾಪಟ್ಟಿಯಿದೆ, ಡಿಪೊ ಇದೆ, ಹೊರಟ ಹೊತ್ತನ್ನೂ ಬಂದ ಹೊತ್ತನ್ನೂ ಬರೆದುಕೊಳ್ಳುವವರಿದ್ದಾರೆ. ಲಾರಿ ಚಾಲಕನ ದಿನ ಹಾಗಿರುವುದಿಲ್ಲ. ಕಾರ್ಖಾನೆಯ ಗೇಟಿನ ಹೊರಗೆ ಲೋಡಿಗಾಗಿ ಬೆಳಗಿನಿಂದ ಸಂಜೆಯವರೆಗೆ ಕಾಯುತ್ತಾನೆ. ಸರದಿ ತಪ್ಪಿಹೋದೀತೆಂಬ ಭಯದಲ್ಲಿ ಕ್ಯಾಬಿನ್ ಬಿಟ್ಟು ಕದಲುವುದಿಲ್ಲ, ಬಿಸಿಲಿಗೆ ಕಾದ ತಗಡಿನ ಕೆಳಗೆ ನಿದ್ದೆಯೂ ಹತ್ತುವುದಿಲ್ಲ. ಸಂಜೆ ಲೋಡ್ ಆದ ಕೂಡಲೇ ‘ನಾಳೆ ಬೆಳಿಗ್ಗೆಗೆ ಮಾಲು ತಲುಪಬೇಕು’ ಎಂಬ ಮಾತು ಬರುತ್ತದೆ. ಕಾಯ್ದೆಯ ಕಣ್ಣಿನಲ್ಲಿ ಅವನ ದುಡಿಮೆ ಶುರುವಾಗುವುದು ಆಗಲೇ. ಮೈಯ ಲೆಕ್ಕದಲ್ಲಿ ಅವನು ಆಗಲೇ ಒಂದು ದಿನ ದುಡಿದು ಮುಗಿಸಿದ್ದಾನೆ.

ಇನ್ನೊಂದು ಬಿರುಕು ಸಂಖ್ಯೆಯದು. ಐದು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ ಮಾತ್ರ 1961ರ ಕಾಯ್ದೆ ಅನ್ವಯಿಸುತ್ತಿತ್ತು. ನಮ್ಮ ಲಾರಿ ಉದ್ಯಮ ನಿಂತಿರುವುದೇ ಒಂದೆರಡು ಗಾಡಿಗಳ ಮಾಲೀಕರ ಮೇಲೆ. ಅವರಲ್ಲಿ ಎಷ್ಟೋ ಮಂದಿ ಹಿಂದೆ ತಾವೇ ಚಾಲಕರಾಗಿದ್ದವರು. ಹೀಗೆ ಕಾಯ್ದೆಯ ಅಗತ್ಯ ಎಲ್ಲಿ ಹೆಚ್ಚಾಗಿತ್ತೋ ಆ ಬಾಗಿಲನ್ನು ಅದು ತಟ್ಟಲೇ ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ 91ನೇ ಕಲಂ ಈ ಕೊರತೆಯನ್ನು ತುಂಬಬಹುದಿತ್ತು. 1994ರ ತಿದ್ದುಪಡಿಯ ನಂತರ ಅದು, ಸಾರಿಗೆ ವಾಹನ ನಡೆಸುವ ಯಾವುದೇ ವ್ಯಕ್ತಿಯ ಕೆಲಸದ ಗಂಟೆಗಳು 1961ರ ಕಾಯ್ದೆಯಲ್ಲಿ ಹೇಳಿದಂತೆಯೇ ಇರಬೇಕು ಎನ್ನುತ್ತದೆ. ‘ಯಾವುದೇ ವ್ಯಕ್ತಿ’ ಎಂಬ ಮಾತಿನಲ್ಲಿ ಒಂದೇ ಗಾಡಿಯ ಮಾಲೀಕನ ಚಾಲಕನೂ ಸೇರುತ್ತಾನೆ ಎಂದು ಓದಬಹುದು. ಆದರೆ ಅದನ್ನು ತಪಾಸಣೆ ಮಾಡುವವರು ಯಾರು? ಒಂದು ಕಾಯ್ದೆ ಕಾರ್ಮಿಕ ಇಲಾಖೆಯದು, ಇನ್ನೊಂದು ಸಾರಿಗೆ ಇಲಾಖೆಯದು. ಕಾರ್ಮಿಕ ನಿರೀಕ್ಷಕ ಕಚೇರಿಗೆ ಹೋಗಿ ರಿಜಿಸ್ಟರ್ ನೋಡಬಲ್ಲ, ನಡುರಾತ್ರಿ ಹೆದ್ದಾರಿಯಲ್ಲಿ ನಿಲ್ಲಲಾರ. ಸಾರಿಗೆ ಅಧಿಕಾರಿ ಹೆದ್ದಾರಿಯಲ್ಲಿ ಗಾಡಿ ತಡೆದು ತೂಕ, ಪರ್ಮಿಟ್, ವಿಮೆ, ಹೊಗೆ ಪ್ರಮಾಣಪತ್ರ ಕೇಳುತ್ತಾನೆ. ‘ಎಷ್ಟು ಹೊತ್ತು ಮಲಗಿದ್ದೆ?’ ಎಂದು ಕೇಳುವುದು ಅವನ ಪಟ್ಟಿಯಲ್ಲಿಲ್ಲ. ಇನ್ನು ಶಿಕ್ಷೆ: 1961ರ ಕಾಯ್ದೆ ಇಟ್ಟಿದ್ದು ಮೂರು ತಿಂಗಳವರೆಗಿನ ಸೆರೆ ಅಥವಾ 500 ರೂಪಾಯಿಯವರೆಗಿನ ದಂಡ. ಆ ಕಾಲಕ್ಕೆ ದೊಡ್ಡ ಮೊತ್ತವೇ ಆಗಿದ್ದದ್ದು ವರ್ಷಗಳು ಉರುಳಿದಂತೆ ಒಂದು ಟ್ರಿಪ್ಪಿನ ಚಿಲ್ಲರೆ ಖರ್ಚಿನ ಮಟ್ಟಕ್ಕೆ ಇಳಿಯಿತು.

ಈ ಇಡೀ ಚರಿತ್ರೆಯಲ್ಲಿ ಗಂಟೆಗಳನ್ನು ಎಣಿಸದೆಯೂ ಚಾಲಕನಿಗೆ ನಿದ್ದೆ ಕೊಡಬಲ್ಲದ್ದಾಗಿದ್ದ ನಿಯಮ ಒಂದಿತ್ತು. ಅದು ಎರಡನೇ ಚಾಲಕನ ನಿಯಮ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ರಾಜ್ಯಗಳ ಗಡಿ ದಾಟಿ ಓಡಲು ರಾಷ್ಟ್ರೀಯ ಪರ್ಮಿಟ್ ಇರುವ ಭಾರೀ ಲಾರಿಯಲ್ಲಿ ಕನಿಷ್ಠ ಇಬ್ಬರು ಚಾಲಕರಿರಬೇಕಿತ್ತು. ಚಾಲಕನ ಸೀಟಿನ ಹಿಂದೆ ಗಾಡಿಯ ಅಗಲಕ್ಕೂ ಇನ್ನೊಂದು ಸೀಟು ಇರಬೇಕು, ಬಿಡುವಿನಲ್ಲಿರುವ ಚಾಲಕ ಅದರ ಮೇಲೆ ಕಾಲು ಚಾಚಿ ಮಲಗುವಂತಿರಬೇಕು ಎಂದೂ ಅದರಲ್ಲಿ ಬರೆದಿತ್ತು. ರಸ್ತೆಯನ್ನು ಬಲ್ಲ ಯಾರೋ ಬರೆದ ನಿಯಮವಿದು ಎಂದು ಓದಿದಾಗಲೆಲ್ಲ ನನಗೆ ಅನ್ನಿಸುತ್ತದೆ. ಇದಕ್ಕೆ ಕೈಗಡಿಯಾರವೂ ಬೇಡ, ರಿಜಿಸ್ಟರೂ ಬೇಡ. ತಡೆದು ನಿಲ್ಲಿಸಿದ ಯಾವ ಅಧಿಕಾರಿಯಾದರೂ ಕ್ಯಾಬಿನ್ನಿನೊಳಗೆ ಇಣುಕಿ ತಲೆ ಎಣಿಸಿದರೆ ಸಾಕಿತ್ತು.

ಬೆಂಗಳೂರಿನಿಂದ ದೆಹಲಿಗೆ ಸುಮಾರು 2,100 ಕಿಲೋಮೀಟರ್. ಲೋಡಾದ ಲಾರಿಯ ಸರಾಸರಿ ವೇಗ ಗಂಟೆಗೆ 40 ಕಿಲೋಮೀಟರ್ ಎಂದು ಹಿಡಿದರೂ ಚಕ್ರ ಉರುಳುವ ಹೊತ್ತೇ 52 ಗಂಟೆಯನ್ನು ದಾಟುತ್ತದೆ. ಒಬ್ಬನೇ ಚಾಲಕ ಎಂಟು ಗಂಟೆಯ ಮಿತಿಯಲ್ಲಿ ಹೋದರೆ ಏಳನೇ ದಿನವೂ ಗಾಡಿ ದಾರಿಯಲ್ಲೇ ಇರುತ್ತದೆ, ವಾರದ 48 ಗಂಟೆಯ ಮಿತಿಯೂ ನಡುವೆಯೇ ಮುಗಿದಿರುತ್ತದೆ. ಇಬ್ಬರಿದ್ದರೆ ನಾಲ್ಕನೇ ದಿನ ಮಾಲು ಇಳಿಯುತ್ತದೆ, ಇಬ್ಬರೂ ಮಿತಿಯೊಳಗೇ ಉಳಿದಿರುತ್ತಾರೆ. ಹಾಗಿದ್ದೂ ಎರಡನೇ ಚಾಲಕ ನಿಧಾನವಾಗಿ ಕಾಣೆಯಾದ. ಮೊದಲು ಅವನ ಜಾಗದಲ್ಲಿ ಕ್ಲೀನರ್ ಕುಳಿತ. ಲೈಸೆನ್ಸ್ ಇಲ್ಲದಿದ್ದರೂ ಬಯಲು ದಾರಿಯಲ್ಲಿ ಸ್ವಲ್ಪ ಹೊತ್ತು ಹಿಡಿಯುತ್ತಿದ್ದ, ಘಾಟಿ ಬಂದಾಗ ಹಿರಿಯನನ್ನು ಎಬ್ಬಿಸುತ್ತಿದ್ದ. ಕ್ಲೀನರ್ ಆಗಿ ಸೇರಿ, ಟೈರು ಬದಲಿಸುತ್ತ, ಟಾರ್ಪಾಲಿನ್ ಕಟ್ಟುತ್ತ ಚಾಲಕನಾಗುವ ಪಾಠಶಾಲೆಯೂ ಅದೇ ಆಗಿತ್ತು. ಡೀಸೆಲ್, ಟೋಲ್, ಕಂತು ಏರಿದಂತೆ ಬಾಡಿಗೆ ಏರಲಿಲ್ಲ, ಕ್ಲೀನರನೂ ಇಳಿದುಹೋದ. ಈಗ ಚಾಲಕರೇ ಸಿಗುತ್ತಿಲ್ಲ ಎಂದು ಉದ್ಯಮ ಕೊರಗುವಾಗ ಆ ಪಾಠಶಾಲೆ ಮುಚ್ಚಿದ್ದನ್ನು ಯಾರೂ ನೆನೆಯುವುದಿಲ್ಲ.

ಕೊನೆಗೆ 2018ರಲ್ಲಿ ನಿಯಮವೇ ಹೋಯಿತು. ರಾಷ್ಟ್ರೀಯ ಪರ್ಮಿಟ್ ಲಾರಿಗೆ ಇಬ್ಬರು ಚಾಲಕರು ಕಡ್ಡಾಯವಲ್ಲ ಎಂದಾಯಿತು. ಅದಕ್ಕೆ ಕೊಟ್ಟ ಕಾರಣಗಳಲ್ಲಿ ಸುಳ್ಳಿರಲಿಲ್ಲ. ಸಾಗಣೆಯ ವೆಚ್ಚ ತಗ್ಗಬೇಕಿತ್ತು, ಪಾಲನೆಯಾಗದ ನಿಯಮ ಲಂಚಕ್ಕೆ ದಾರಿಯಾಗಿತ್ತು, ಸಾಗಣೆದಾರರು ಮುಷ್ಕರಕ್ಕೆ ಇಳಿದಿದ್ದರು. ಅದೇ ವರ್ಷದ ಜುಲೈಯಲ್ಲಿ ಲಾರಿಗಳು ಹೊರಬಹುದಾದ ಆಕ್ಸಲ್ ಭಾರದ ಮಿತಿಯನ್ನೂ ಏರಿಸಲಾಯಿತು. ಎರಡೂ ಬೇರೆಬೇರೆ ಕಡತಗಳಲ್ಲಿ ನಡೆದ ತೀರ್ಮಾನಗಳು. ರಸ್ತೆಯ ಮೇಲೆ ಮಾತ್ರ ಅವು ಒಂದೇ ಗಾಡಿಯಲ್ಲಿ ಕೂಡಿಕೊಂಡವು: ಹಿಂದೆ ಹೆಚ್ಚಿದ ಭಾರ, ಮುಂದೆ ಒಬ್ಬನೇ ಮನುಷ್ಯ.

ಚಾಲಕರೇ ಏಕೆ ಗಾಡಿ ನಿಲ್ಲಿಸಿ ಮಲಗುವುದಿಲ್ಲ ಎಂಬ ಪ್ರಶ್ನೆ ಸಹಜ. ಉತ್ತರ ಸಂಬಳದ ರೀತಿಯಲ್ಲಿದೆ. ಬಹುಪಾಲು ಲಾರಿ ಚಾಲಕರಿಗೆ ಆದಾಯ ಬರುವುದು ಟ್ರಿಪ್ಪಿನ ಮೇಲೆ, ಇಲ್ಲವೇ ಕಿಲೋಮೀಟರಿನ ಮೇಲೆ, ಜೊತೆಗೆ ದಿನದ ಬಾಟಾ. ಕಾನೂನು ಗಂಟೆಯಲ್ಲಿ ಮಾತಾಡುತ್ತದೆ, ಕೂಲಿ ದೂರದಲ್ಲಿ ಮಾತಾಡುತ್ತದೆ. ಗಂಟೆಗಿಷ್ಟು ಎಂದು ಸಂಬಳವೇ ಇಲ್ಲದವನಿಗೆ ಹೆಚ್ಚುವರಿ ಗಂಟೆಗೆ ಇಮ್ಮಡಿ ಕೂಲಿ ಎಂಬ ಕಲಂ ಯಾವ ಉಪಯೋಗಕ್ಕೂ ಬಾರದು. ಬಳ್ಳಾರಿ, ಹೊಸಪೇಟೆಯ ಕಡೆಯಿಂದ ಬಂದರುಗಳಿಗೆ ಅದಿರು ಹರಿದ ವರ್ಷಗಳಲ್ಲಿ ಕರ್ನಾಟಕ ಇದನ್ನು ಕಣ್ಣಾರೆ ಕಂಡಿದೆ. ಎಷ್ಟು ಟ್ರಿಪ್ಪೋ ಅಷ್ಟು ಹಣ ಎಂಬ ಓಟದಲ್ಲಿ ಗಾಡಿಗಳು ಹಗಲಿರುಳೆನ್ನದೆ ಘಾಟಿ ಇಳಿದವು. ರಸ್ತೆ ಸುರಕ್ಷತೆಗಾಗಿ ಕೆಲಸ ಮಾಡುವ ಸೇವ್‌ಲೈಫ್ ಫೌಂಡೇಷನ್ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಲಾರಿ ಚಾಲಕರು ದಿನಕ್ಕೆ ಸರಾಸರಿ ಹನ್ನೆರಡು ಗಂಟೆಯ ಹತ್ತಿರ ಓಡಿಸುವುದು ಕಂಡುಬಂತು. ದಣಿದಿದ್ದರೂ, ನಿದ್ದೆ ಬರುತ್ತಿದ್ದರೂ ಓಡಿಸುತ್ತೇವೆ ಎಂದು ಒಪ್ಪಿಕೊಂಡವರು ಸುಮಾರು ಅರ್ಧದಷ್ಟು ಮಂದಿ.

2017ರ ಜುಲೈಯಲ್ಲಿ ಜಿಎಸ್‌ಟಿ ಬಂದು ರಾಜ್ಯಗಳ ಗಡಿಯ ತೆರಿಗೆ ಚೆಕ್‌ಪೋಸ್ಟ್‌ಗಳು ಎದ್ದುಹೋದವು. ಗಂಟೆಗಟ್ಟಲೆ ಸಾಲಿನಲ್ಲಿ ನಿಲ್ಲುವುದು ತಪ್ಪಿದ್ದು ಒಳ್ಳೆಯದೇ. ಆದರೆ ಆ ಸಾಲಿನಲ್ಲೇ ಚಾಲಕರು ಕಣ್ಣು ಮುಚ್ಚುತ್ತಿದ್ದರು. ಉಳಿದ ಹೊತ್ತು ನಿದ್ದೆಗೆ ಸೇರಲಿಲ್ಲ, ದೂರಕ್ಕೆ ಸೇರಿತು. ಮಾಲು ತಲುಪಬೇಕಾದ ಗಡುವೂ ಅಷ್ಟೇ ಬಿಗಿಯಾಯಿತು. ಜಿಪಿಎಸ್ ಬಂದಾಗಲೂ ಹೀಗೆಯೇ. ಗಾಡಿ ಎಲ್ಲಿ ಎಷ್ಟು ಹೊತ್ತು ನಿಂತಿತ್ತು ಎಂಬ ಮಾಹಿತಿ ಈಗ ಮೊಬೈಲಿನಲ್ಲೇ ಸಿಗುತ್ತದೆ. ಅದನ್ನು ನೋಡಿ ‘ಎಂಟು ಗಂಟೆ ಆಯಿತು, ನಿಲ್ಲಿಸು’ ಎಂದು ಕರೆ ಮಾಡಬಹುದು, ‘ಯಾಕೆ ನಿಂತಿದ್ದೀಯ?’ ಎಂದೂ ಕರೆ ಮಾಡಬಹುದು. ಚಾಲಕರಿಗೆ ಪರಿಚಿತವಾಗಿರುವುದು ಎರಡನೆಯ ಕರೆ.

ಯುರೋಪಿನಲ್ಲಿ ಈ ಮಾಹಿತಿಯನ್ನು ಕಾನೂನಿನ ಕೈಗೆ ಕೊಟ್ಟಿದ್ದಾರೆ. ಅಲ್ಲಿನ ಭಾರೀ ವಾಹನಗಳಲ್ಲಿ ಟ್ಯಾಕೋಗ್ರಾಫ್ ಎಂಬ ಉಪಕರಣ ಓಟವನ್ನೂ ನಿಲುಗಡೆಯನ್ನೂ ದಾಖಲಿಸುತ್ತದೆ. ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ನಿಲ್ಲಲೇಬೇಕು, ದಿನದ ಚಾಲನೆ ಸಾಮಾನ್ಯವಾಗಿ ಒಂಬತ್ತು ಗಂಟೆ ಮೀರಬಾರದು. ಪೊಲೀಸರು ದಾರಿಯಲ್ಲೇ ಆ ದಾಖಲೆ ಕೇಳುತ್ತಾರೆ. 1979ರ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 153ನೇ ಒಡಂಬಡಿಕೆಯೂ ಇಂಥದ್ದೇ ಮಿತಿಗಳನ್ನು ಹೇಳುತ್ತದೆ. ಭಾರತ ಅದನ್ನು ಅನುಮೋದಿಸಿಲ್ಲ. ಚಾಲನೆಯ ಗಂಟೆಗಳನ್ನು ವಿಮಾನದ ಪೈಲಟ್‌ಗಳಂತೆ ನಿಗದಿ ಮಾಡಬೇಕು ಎಂಬ ಮಾತನ್ನು ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿ 2021ರಲ್ಲಿ ಆಡಿದ್ದರು. ಆ ನಂತರ ಜಾರಿಗೆ ಬಂದದ್ದು ಕ್ಯಾಬಿನ್ನಿನ ಹವಾನಿಯಂತ್ರಣ: 2025ರ ಅಕ್ಟೋಬರ್‌ನಿಂದ ತಯಾರಾಗುವ ಮಧ್ಯಮ ಮತ್ತು ಭಾರೀ ಲಾರಿಗಳಿಗೆ ಅದು ಕಡ್ಡಾಯ. ಸೆಕೆಯಲ್ಲಿ ಬೇಯುತ್ತಿದ್ದವರಿಗೆ ನಿಜವಾದ ಉಪಕಾರ. ಆದರೆ ತಂಪಾದ ಕ್ಯಾಬಿನ್ನಿನಲ್ಲಿ ಕುಳಿತರೂ ಇಪ್ಪತ್ತು ಗಂಟೆ ಎಚ್ಚರವಿದ್ದವನ ಮಿದುಳು ನಿದ್ದೆಯನ್ನು ಕೇಳಿಯೇ ಕೇಳುತ್ತದೆ.

1997ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಪ್ರಯೋಗದಲ್ಲಿ, ಸತತ 17 ಗಂಟೆ ಎಚ್ಚರವಿದ್ದವರ ಕೈ ಮತ್ತು ಕಣ್ಣಿನ ಹೊಂದಾಣಿಕೆ ರಕ್ತದಲ್ಲಿ 0.05 ಶೇಕಡಾ ಮದ್ಯವಿದ್ದವರ ಮಟ್ಟಕ್ಕೆ ಇಳಿದಿತ್ತು. ನಮ್ಮ ಕಾನೂನು ಚಾಲಕನಿಗೆ ಬಿಟ್ಟಿರುವ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ, ಅಂದರೆ 0.03 ಶೇಕಡಾ. ಹನಿ ಮದ್ಯ ಮುಟ್ಟದವನೂ ನಿದ್ದೆಗೆಟ್ಟರೆ ಆ ಗೆರೆಯ ಆಚೆಗಿರುತ್ತಾನೆ ಎಂದಾಯಿತು. ಮದ್ಯಕ್ಕೆ ಊದುವ ಯಂತ್ರವಿದೆ, ನಿದ್ದೆಗೆ ಅಂಥ ಯಂತ್ರ ರಸ್ತೆಗೆ ಬಂದಿಲ್ಲ. ಗಂಟೆಗೆ 80 ಕಿಲೋಮೀಟರ್ ವೇಗದ ಗಾಡಿಯಲ್ಲಿ ಮೂರು ಸೆಕೆಂಡ್ ರೆಪ್ಪೆ ಮುಚ್ಚಿದರೆ, ಅದು ನೋಡುವವರಿಲ್ಲದೆ 65 ಮೀಟರಿಗಿಂತ ಹೆಚ್ಚು ಸಾಗಿರುತ್ತದೆ.

ಈಗಿನ ಸ್ಥಿತಿ ಏನು? 1961ರ ಕಾಯ್ದೆಯೂ ಸೇರಿ ಹದಿಮೂರು ಕಾಯ್ದೆಗಳು 2020ರಲ್ಲಿ ರೂಪುಗೊಂಡು 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ಸಂಹಿತೆಯಲ್ಲಿ ವಿಲೀನವಾಗಿವೆ. ಎಂಟು ಗಂಟೆಯ ದಿನ ಉಳಿದಿದೆ. ಹೆಚ್ಚುವರಿ ದುಡಿಮೆಗೆ ಕಾರ್ಮಿಕನ ಒಪ್ಪಿಗೆ ಬೇಕು ಎಂಬುದು ಅದರಲ್ಲಿ ಸ್ಪಷ್ಟವಾಗಿದೆ. ಆದರೆ ಐದು ಕಾರ್ಮಿಕರ ಗೆರೆ ಹತ್ತಕ್ಕೆ ಏರಿದೆ. ಚಿಕ್ಕ ಮಾಲೀಕನ ಚಾಲಕ ಮೊದಲೇ ಹೊರಗಿದ್ದ. ಈಗ ಆರು, ಎಂಟು ಮಂದಿಯ ಸಂಸ್ಥೆಗಳ ಚಾಲಕರೂ ಅವನ ಪಕ್ಕಕ್ಕೆ ಬಂದಿದ್ದಾರೆ. ಇನ್ನು 91ನೇ ಕಲಂ ಬೊಟ್ಟು ಮಾಡಿದ್ದ ಕಾಯ್ದೆಯೇ ರದ್ದಾಗಿದೆ. ರದ್ದಾದ ಕಾಯ್ದೆಯ ಉಲ್ಲೇಖವನ್ನು ಅದರ ಜಾಗಕ್ಕೆ ಬಂದ ಕಾಯ್ದೆಯ ಉಲ್ಲೇಖವೆಂದು ಓದಿಕೊಳ್ಳುವುದು ಕಾನೂನಿನ ಸಾಮಾನ್ಯ ರೀತಿ. ಹಾಗೆ ಓದಿದರೂ ‘ಯಾವುದೇ ವ್ಯಕ್ತಿ’ ಎಂಬ ಹಳೆಯ ಭರವಸೆ ಹತ್ತರ ಗೆರೆಯನ್ನು ದಾಟುತ್ತದೆಯೇ ಎಂಬುದರ ಮೇಲೆ ಲಕ್ಷಾಂತರ ಚಾಲಕರ ರಾತ್ರಿಗಳು ನಿಂತಿವೆ.

ಇಷ್ಟೆಲ್ಲದರ ನಡುವೆ, ನಿಯಮ ಪಾಲಿಸಲೇಬೇಕೆಂದು ಹೊರಟ ಚಾಲಕನಿಗೆ ಎದುರಾಗುವ ಮೊದಲ ತೊಡಕು ಜಾಗದ್ದು. ಐದು ಗಂಟೆ ಓಡಿಸಿಯಾಯಿತು, ಅರ್ಧ ಗಂಟೆ ನಿಲ್ಲಬೇಕು, ಎಲ್ಲಿ? ಡಾಬಾದ ಅಂಗಳದಲ್ಲಿ ಊಟ ಮಾಡಿದವರಿಗೆ ಜಾಗ, ಬಂಕ್‌ನಲ್ಲಿ ಡೀಸೆಲ್ ಹಾಕಿಸಿದವರಿಗೆ. ಹೆದ್ದಾರಿಗಳಲ್ಲಿ 40ರಿಂದ 60 ಕಿಲೋಮೀಟರಿಗೊಂದರಂತೆ ವಿಶ್ರಾಂತಿ ತಾಣ ಕಟ್ಟುವ ಯೋಜನೆ ಹೆದ್ದಾರಿ ಪ್ರಾಧಿಕಾರದ ಬಳಿ ಇದೆ. ಅದು ಇನ್ನೂ ಬಾರದ ಕಡೆ ಚಾಲಕ ಗಾಡಿಯನ್ನು ರಸ್ತೆಯಂಚಿಗೆ ತಂದು, ಹಿಂದೆ ಎರಡು ಕಲ್ಲು ಮತ್ತು ಒಂದು ಹಸಿರು ಕೊಂಬೆ ಇಟ್ಟು, ಸೀಟಿನ ಮೇಲೆ ಮೈಚಾಚುತ್ತಾನೆ. ಅದೇ ಕತ್ತಲಲ್ಲಿ, ಅದೇ ಪಥದಲ್ಲಿ, ಅವನಷ್ಟೇ ನಿದ್ದೆಗೆಟ್ಟ ಇನ್ನೊಬ್ಬ ಹಿಂದಿನಿಂದ ಬರುತ್ತಿರುತ್ತಾನೆ.