ಮುದಿ ನಾಯಿ ಸುಮ್ನೆ ಮಲಗಿರುವುದಿಲ್ಲ

ಕೊಡಗಿನಲ್ಲಿ ಮಳೆ ಹಿಡಿಯಿತು ಅಂದರೆ ತೋಟದ ಮನೆಗಳ ಮುದಿ ನಾಯಿಗಳು ಜಗಲಿ ಬಿಟ್ಟು ಕದಲುವುದಿಲ್ಲ. 'ವಯಸ್ಸಾಯ್ತು, ಪಾಪ' ಅಂತ ನಾವೂ ಬಿಟ್ಟುಬಿಡುತ್ತೇವೆ. ಅದು ಏಳುವಾಗ ಒಮ್ಮೆ ಹತ್ತಿರದಿಂದ ನೋಡಿ. ಮೊದಲು ಮುಂಗಾಲು ಊರುತ್ತದೆ. ಸೊಂಟ ಎತ್ತಲು ಹೋದಾಗ ರೆಡ್ ಆಕ್ಸೈಡ್ ನೆಲದ ಮೇಲೆ ಹಿಂಗಾಲು ಜಾರುತ್ತದೆ. ಹೇಗೋ ಎದ್ದು ನಾಲ್ಕು ಹೆಜ್ಜೆ ಬಿಗಿಯಾಗಿ ಇಡುತ್ತದೆ, ಆಮೇಲೆ ಸಲೀಸಾಗಿ ನಡೆಯುತ್ತದೆ. ನಡೆಯಿತಲ್ಲ ಅಂತ ನಮಗೆ ಸಮಾಧಾನ. ಆದರೆ ಏಳುವಾಗಿನ ಆ ಬಿಗಿತವೇ ಸಂಧಿವಾತದ ಮುಖ್ಯ ಗುರುತು.

ಕೀಲಿನಲ್ಲಿ ಮೂಳೆಯ ತುದಿಗೆ ನುಣುಪಾದ ಕಾರ್ಟಿಲೇಜ್ ಹೊದಿಕೆ ಇರುತ್ತದೆ. ಅದಕ್ಕೆ ರಕ್ತನಾಳಗಳಿಲ್ಲ, ಹಾಗಾಗಿ ಸಂಧಿವಾತದಲ್ಲಿ ಸವೆದದ್ದು ಸರಿಯಾಗಿ ಮತ್ತೆ ಬೆಳೆಯುವುದಿಲ್ಲ. ನೋವಿಗೆ ಹೆದರಿ ನಾಯಿ ಓಡಾಟ ಬಿಡುತ್ತದೆ. ಓಡಾಡದೆ ತೊಡೆಯ ಸ್ನಾಯು ಸೊರಗಿ ಕೀಲಿಗೆ ಆಸರೆ ತಪ್ಪುತ್ತದೆ, ನೋವು ಇನ್ನೂ ಜಾಸ್ತಿಯಾಗುತ್ತದೆ.

ಬೆಕ್ಕಿನದ್ದು ಇನ್ನೂ ಕಷ್ಟ. ಅದು ಕುಂಟುವುದೇ ಅಪರೂಪ. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 12 ವರ್ಷ ದಾಟಿದ 100 ಬೆಕ್ಕುಗಳ ಎಕ್ಸ್‌ರೇ ನೋಡಿದರೆ, 90ರಲ್ಲಿ ಕೀಲು ಅಥವಾ ಬೆನ್ನುಮೂಳೆಯ ಸವೆತ ಇತ್ತು. ಅಟ್ಟಕ್ಕೆ ಹಾರುವುದು ನಿಂತಿದೆಯಾ? ಸೊಂಟದ ಹತ್ತಿರ ಕೂದಲು ಗಂಟುಗಟ್ಟಿದೆಯಾ? ಮೈ ತಿರುಗಿಸಿ ನೆಕ್ಕಲು ಆಗದಿದ್ದರೆ ಹಾಗಾಗುತ್ತದೆ. ಉಗುರು ಉದ್ದವಾಗಿ ಗೋಣಿಚೀಲಕ್ಕೆ ಸಿಕ್ಕಿಕೊಳ್ಳುತ್ತಿದ್ದರೂ ಅನುಮಾನಪಡಿ.

ಇದ್ದಕ್ಕಿದ್ದಂತೆ ಕುಂಟು, ಜೊತೆಗೆ ಜ್ವರ, ಊಟ ಬೇಡ ಅಂದರೆ ವಿಷಯ ಬೇರೆ ಇರಬಹುದು. ನಮ್ಮ ತೋಟಗಳಲ್ಲಿ ರಕ್ತ ಹೀರುವ ಉಣ್ಣೆ ಹುಳುಗಳಿಗೆ ಬರವಿಲ್ಲ. ಉಣ್ಣೆಯಿಂದ ಹರಡುವ ಜ್ವರವೂ ಕೀಲು ಹಿಡಿಯುತ್ತದೆ. ತಡಮಾಡದೆ ರಕ್ತ ಪರೀಕ್ಷೆ ಮಾಡಿಸಿ.

ದಯವಿಟ್ಟು ನಿಮ್ಮ ಮಾತ್ರೆ ಡಬ್ಬಿಗೆ ಕೈ ಹಾಕಬೇಡಿ. ಪ್ಯಾರಸಿಟಮಾಲ್ ಅನ್ನು ಸುರಕ್ಷಿತವಾಗಿ ಕರಗಿಸುವ ಕಿಣ್ವ ಬೆಕ್ಕಿನ ಯಕೃತ್ತಿನಲ್ಲಿ ತೀರಾ ಕಡಿಮೆ. 500 ಮಿಲಿಗ್ರಾಂನ ಒಂದೇ ಮಾತ್ರೆ ಅದನ್ನು ಕೊಲ್ಲಬಹುದು. ರಕ್ತಕ್ಕೆ ಆಮ್ಲಜನಕ ಸಾಗಿಸಲು ಆಗದೆ ವಸಡು ಕಂದು ಬಣ್ಣಕ್ಕೆ ತಿರುಗುತ್ತದೆ. ನಾಯಿಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೊಟ್ಟರೆ ಹೊಟ್ಟೆ ಹುಣ್ಣಾಗುತ್ತದೆ, ಕಿಡ್ನಿ ಕೆಡುತ್ತದೆ.

ನಾವೇ ಮಾಡಬಹುದಾದದ್ದರಲ್ಲಿ ನನ್ನ ಪ್ರಕಾರ ತೂಕ ಇಳಿಸುವುದೇ ಎಲ್ಲಕ್ಕಿಂತ ದೊಡ್ಡದು. ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಎರಡೆರಡಾಗಿ ಜೋಡಿಸಿ ಮರಿಯಿಂದ ಸಾಯುವವರೆಗೂ ಗಮನಿಸಿದರು. ಜೊತೆಯ ನಾಯಿಗಿಂತ ಶೇ. 25ರಷ್ಟು ಕಡಿಮೆ ತಿಂದವು ಸುಮಾರು 2 ವರ್ಷ ಹೆಚ್ಚು ಬದುಕಿದವು, ಅವುಗಳಿಗೆ ಸಂಧಿವಾತವೂ ತಡವಾಗಿ ಬಂತು. ಪಂದಿಕರಿಯ ಕೊಬ್ಬನ್ನು ಪ್ರೀತಿಯಿಂದ ತಟ್ಟೆಗೆ ಹಾಕುವವರು ಇದನ್ನು ಯೋಚಿಸಬೇಕು. ಜಾರುವ ನೆಲಕ್ಕೆ ತೆಂಗಿನ ನಾರಿನ ಮ್ಯಾಟ್ ಹಾಸಿ, ಮಲಗಲು ಒಣಗಿದ ದಪ್ಪ ಹಾಸಿಗೆ ಕೊಡಿ. ಮಳೆ ಬಿಡುವು ಕೊಟ್ಟಾಗೆಲ್ಲ ಸ್ವಲ್ಪ ನಡೆಸಿ.

ಡಾಕ್ಟರ ಹತ್ತಿರ ಹೋಗುವ ಮುಂಚೆ ಮನೆಯಲ್ಲೇ ಮೊಬೈಲ್‌ನಲ್ಲಿ ಒಂದು ವಿಡಿಯೋ ಮಾಡಿಕೊಳ್ಳಿ. ಆಸ್ಪತ್ರೆಯ ಗಾಬರಿಯಲ್ಲಿ ಎಷ್ಟೋ ಪ್ರಾಣಿಗಳು ಕುಂಟುವುದನ್ನೇ ಮರೆಯುತ್ತವೆ. ನಾಯಿಗಳಿಗೆ ಡಾಕ್ಟರು ಕೊಡುವ ಕಾರ್ಪ್ರೊಫೆನ್, ಮೆಲಾಕ್ಸಿಕ್ಯಾಮ್‌ನಂಥ ನೋವಿನ ಔಷಧಗಳಿವೆ. ಬೆಕ್ಕಿಗೆ ಯಾವುದು, ಎಷ್ಟು ಅನ್ನುವುದನ್ನು ಡಾಕ್ಟರೇ ಹೇಳಬೇಕು. ತಿಂಗಳುಗಟ್ಟಲೆ ಕೊಡಬೇಕಾಗಿ ಬಂದರೆ ನಡುನಡುವೆ ಕಿಡ್ನಿ, ಲಿವರ್ ಪರೀಕ್ಷೆಯನ್ನೂ ಮಾಡಿಸುತ್ತಿರಬೇಕು.